ಕಾಯಿ ಬಿಟ್ಟ ಮೂವತ್ತನಾಲ್ಕು ದಿನ

೧೯೫೮ನೇ ಇಸವಿ ಆಗಸ್ಟ್ ಹತ್ತೊಂಬತ್ತು, ಮಂಗಳವಾರ, ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ, ಮದರಾಸಿನ ವಡಪಳನಿಯ ಕನ್ನಡ ಹೈಸ್ಕೂಲಿನ ಹಿಂದಿನ ಜಗಲಿಯಲ್ಲಿ, ಐದನೇ ಫಾರಂನ ಸುಗುಣಾ ಅದೇ ತರಗತಿಯ ವಿಮಲಾಳ ಮುಖಕ್ಕೆ ಹಿತ್ತಾಳೆ ಲೋಟದಿಂದ ಹೊಡೆದಳು. ಹೊತ್ತು ಇಷ್ಟು ಖಚಿತವಾಗಿ ದಾಖಲಾದದ್ದು ವಿಜ್ಞಾನದ ಟೀಚರ್ ಉಮಾಮಹೇಶ್ವರಿಯಿಂದ. ಕಿರುಚಾಟ ಕೇಳಿದಾಗ ಅವಳು ಸ್ಟಾಫ್ ರೂಮಿನಲ್ಲಿ ಕೈಗಡಿಯಾರಕ್ಕೆ ಕೀ ಕೊಡುತ್ತಿದ್ದಳು. ಓಡುವಾಗಲೂ ಮುಳ್ಳು ಎಲ್ಲಿತ್ತೆಂದು ನೋಡಿಕೊಂಡೇ ಓಡಿದಳು. ಅದು ಅವಳ ಅಭ್ಯಾಸ.

ಜಗಲಿಯಲ್ಲಿ ವಿಮಲಾ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿದು ದಾವಣಿಯ ಮೇಲೆ ಬೀಳುತ್ತಿತ್ತು. ಉಳಿದ ಒಂಬತ್ತು ಹುಡುಗಿಯರು ಅವಳ ಸುತ್ತ ಒತ್ತಾಗಿ ನಿಂತಿದ್ದರು. ಆರು ಹೆಜ್ಜೆ ಆಚೆ, ಗೋಡೆಗೆ ಬೆನ್ನು ಕೊಟ್ಟು ಸುಗುಣಾ ನಿಂತಿದ್ದಳು. ಲೋಟ ಇನ್ನೂ ಕೈಯಲ್ಲೇ ಇತ್ತು. ಅದರಲ್ಲಿ ಸ್ವಲ್ಪ ಮಜ್ಜಿಗೆಯೂ ಉಳಿದಿತ್ತು.

"ಯಾಕವ್ವಾ ಹೊಡೆದೆ?" ಎಂದು ಉಮಾಮಹೇಶ್ವರಿ ಕೇಳಿದಳು.

ಆ ಒಂಬತ್ತು ಮಂದಿಯಲ್ಲಿ ಒಬ್ಬಳು, "ಸುಮ್ಮನೆ ಟೀಚರ್, ಸುಮ್ಮನೇ ಹೊಡೆದ್ಲು. ನಾವು ಅವಳನ್ನ ಮಾತಾಡಿಸಿದ್ದು ಕೂಡಾ ಇಲ್ಲ," ಎಂದಳು. ಅದು ಅಕ್ಷರಶಃ ನಿಜವೆಂದು ಉಮಾಮಹೇಶ್ವರಿಗೆ ಆಗ ಹೊಳೆಯಲಿಲ್ಲ.

ವಿಮಲಾಳ ಮೇಲ್ದುಟಿ ಸೀಳಿತ್ತು. ಡಾಕ್ಟರು ಒಂದು ಹೊಲಿಗೆ ಹಾಕಿದರು.

ಅಂದೇ ಮೂರು ಗಂಟೆಗೆ ಹೆಡ್‌ಮಾಸ್ತರ್ ಕೊಟ್ರಪ್ಪನವರು ಉಮಾಮಹೇಶ್ವರಿಯನ್ನು ಕರೆಸಿದರು. ಅವರು ಕೊಟ್ಟೂರಿನ ಕಡೆಯವರು, ಅವಳು ಬಳ್ಳಾರಿಯವಳು. ಇಬ್ಬರಿಗೂ ತೆಲುಗು ಚೆನ್ನಾಗಿ ಬರುತ್ತಿತ್ತು, ತಮಿಳು ಮಾತ್ರ ಬಸ್ಸಿನ ಕಂಡಕ್ಟರನ ಹತ್ತಿರ ಆಡುವಷ್ಟೇ. ಅವಳು ಮದುವೆಯಾಗಿ ಮದರಾಸಿಗೆ ಬಂದು ಹದಿನಾಲ್ಕು ತಿಂಗಳಾಗಿತ್ತು.

"ಟಿ.ಸಿ. ಕೊಟ್ಟು ಕಳಿಸೋದೇ," ಎಂದರು ಕೊಟ್ರಪ್ಪನವರು. "ಹುಡುಗ್ರು ಬಡಿದಾಡ್ತಾರ, ಅದು ಅವರ ಜಾಯಮಾನ. ಮುಂಜಾನೆ ಬಡಿದಾಡಿ ಮಧ್ಯಾಹ್ನ ಒಂದೇ ಡಬ್ಬಿಯಾಗ ಕೈ ಹಾಕ್ತಾರ. ಆದ್ರ ಹೆಣ್ಣು ಹುಡುಗಿ ಲೋಟ ಎತ್ತಿ ಹಲ್ಲು ಉದುರಿಸೋಕೆ ನಿಂತ್ರ ಅದು ಬ್ಯಾರೆ ಮಾತು. ನೀವೇ ಬರೆದು ಕೊಟ್ಟೀರಲ್ಲಮ್ಮಾ, ಈ ಶಾಲೆಯಾಗ ಹೆಣ್ಮಕ್ಕಳು ಜಗಳಾನೇ ಆಡಲ್ಲ ಅಂತ."

ಬರೆದುಕೊಟ್ಟದ್ದು ಹೌದು. ಇನ್‌ಸ್ಪೆಕ್ಟರ್ ಬರುವ ಮೊದಲು ಶಾಲೆಯ ಶಿಸ್ತಿನ ಬಗ್ಗೆ ಒಂದು ವರದಿ ಬೇಕೆಂದಾಗ ಅವಳು ಒಂದು ವಾರ ಕೂತು ಶಿಕ್ಷೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದಳು. ಹಿಂದಿನ ವರ್ಷದ ಜೂನ್‌ನಿಂದ ನಲವತ್ತೊಂದು ನಮೂದು. ತಾರೀಖು, ಹೆಸರು, ಅಪರಾಧ, ಶಿಕ್ಷೆ. ಹೊಡೆದಾಟ, ಎರಡು ಏಟು. ಕಲ್ಲು ತೂರಾಟ, ನಾಲ್ಕು ಏಟು. ನಲವತ್ತೊಂದೂ ಹುಡುಗರದೇ ಹೆಸರು. ರೂಲು ದೊಣ್ಣೆ ಇಟ್ಟು ಗೆರೆ ಎಳೆದು, ಫಾರಂವಾರು ಕೋಷ್ಟಕ ಮಾಡಿ, ಹುಡುಗಿಯರ ಸಾಲಿನಲ್ಲಿ ಕೆಳಗಿನವರೆಗೂ ಸೊನ್ನೆ ತುಂಬಿದ್ದಳು. ಆ ಸೊನ್ನೆಗಳ ಸಾಲು ನೋಡಿ ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

"ನಾಳೆ ಬೆಳಿಗ್ಗೆ ಇಬ್ಬರ ತಂದೆಯರೂ ಬರ್ತಾರ. ಕ್ಲಾಸ್ ಟೀಚರ್ ಅಂತ ನೀವೂ ಇರ್ರಿ," ಎಂದು ಕೊಟ್ರಪ್ಪನವರು ಮಾತು ಮುಗಿಸಿದರು.

ಹೊರಗೆ ಬಂದಾಗ ಸುಗುಣಾಳ ತಂದೆ ಮೋನಪ್ಪ ಆಗಲೇ ಗೇಟಿನ ಹತ್ತಿರ ನಿಂತಿದ್ದ. ಮೈಲಾಪುರದ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ಮಧ್ಯಾಹ್ನದ ಬಿಡುವಿನಲ್ಲಿ ಸುದ್ದಿ ತಿಳಿದು ಬಸ್ಸು ಹತ್ತಿ ಬಂದಿದ್ದ. ಬಲ ಮುಂಗೈಯಲ್ಲಿ ಕೂದಲು ಸುಟ್ಟು ಹೋಗಿ ಚರ್ಮ ನುಣುಪಾಗಿತ್ತು.

"ಟೀಚರೇ, ಟಿ.ಸಿ. ಕೊಡ್ತಾರಂತೆ ಹೌದಾ?"

"ನಾಳೆ ತೀರ್ಮಾನ ಆಗ್ತದೆ."

"ಕೊಟ್ರೆ ಮತ್ತೆಂತ ಮಾಡುದು, ಊರಿಗೆ ಕಳಿಸುದೇ. ಇಲ್ಲಿ ತಮಿಳು ಶಾಲೆಗೆ ಹಾಕಿದ್ರೆ ಅವಳಿಗೆ ಬರೀಲಿಕ್ಕೆ ಬರುದಿಲ್ಲ. ಕಾರ್ಕಳದ ಹತ್ರ ಅವಳ ಅಜ್ಜಿ ಇದ್ದಾರೆ. ಅಲ್ಲಿಂದ ಹೈಸ್ಕೂಲಿಗೆ ಏಳು ಮೈಲಿ. ಹೆಣ್ಣು ಹುಡುಗಿ ಹೋಗ್ಲಿಕ್ಕುಂಟಾ? ಬೀಡಿ ಕಟ್ಟಿಕೊಂಡು ಕೂತಾಳು. ಮನೆಯಲ್ಲಿ ಇವಳು ಜೋರು ಮಾತಾಡಿದವಳೂ ಅಲ್ಲ ಟೀಚರೇ. ಈಗೊಂದು ತಿಂಗಳಿಂದ ಮಾತೇ ಕಮ್ಮಿ."

ಅದನ್ನು ಕೇಳಿಯೂ ಉಮಾಮಹೇಶ್ವರಿಗೆ ಏನೂ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವಳು ಆಯಾ ಶಾರದಮ್ಮ.

ಶಾರದಮ್ಮ ಮದರಾಸಿಗೆ ಬಂದು ಮೂವತ್ತು ವರ್ಷವಾಗಿತ್ತು. ತಿರುವೊಟ್ಟಿಯೂರಿನಲ್ಲಿ ಮಗಳ ಮನೆ, ವಡಪಳನಿಯಲ್ಲಿ ಕೆಲಸ, ಬಾಯಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ನಾಲ್ಕೂವರೆಗೆ ಅವಳು ಜಗಲಿಯ ರಕ್ತದ ಕಲೆಗೆ ನೀರು ಹಾಕಿ ಉಜ್ಜುತ್ತಿದ್ದಳು.

"ಪಾವಂ ಆ ಸುಗುಣಾ," ಎಂದಳು ಉಜ್ಜುತ್ತಲೇ. "ಎಷ್ಟು ದಿನಾ ಅಂತ ತಡೀತಾಳೆ? ಎಲ್ಲಾ ಸೇರಿ ಕಾಯಿ ವಿಟ್ಟವ್ರೆ."

"ಕಾಯಿ?"

"ಕಾಯಿ, ಟೀಚರಮ್ಮಾ."

"ಯಾವ ಕಾಯಿ? ತೆಂಗಿನಕಾಯೇನು?"

ಶಾರದಮ್ಮ ಪೊರಕೆ ಬಿಟ್ಟು ಕೂತುಬಿಟ್ಟಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯಯ್ಯೋ! ತೆಂಗಿನಕಾಯಂತೆ! ನಿಮಗೆ ತೆರಿಯಾದಾ? ಇಲ್ಲಿ ಹುಡುಗೀರು ಜಗಳ ಆದ್ರೆ ಹಿಂಗೆ ಮಾಡ್ತಾರೆ." ಒದ್ದೆ ಕೈಯ ಕಿರುಬೆರಳನ್ನು ಗಲ್ಲದ ಕೆಳಗಿಟ್ಟು ಮುಂದಕ್ಕೆ ಚಿಮ್ಮಿಸಿದಳು. "ಕಾಯಿ. ಆಮೇಲೆ ಪೇಚೇ ಇಲ್ಲ, ಒಂದು ಮಾತಿಲ್ಲ. ನೀನು ಇದ್ದೀಯಾ ಅಂತ್ಲೂ ನೋಡಲ್ಲ. ರಾಜಿ ಆಗ್ಬೇಕಂದ್ರೆ ಎರಡು ಬೆರಳು ಹಿಂಗೆ ಸೇರಿಸಿ ತೋರ್ಸೋದು. ಅದು ಪಳಂ. ಕಾಯಿ ಹಣ್ಣಾಯ್ತು ಅಂತ."

"ಠೂ!" ಎಂದಳು ಉಮಾಮಹೇಶ್ವರಿ. ಬಾಯಿಂದ ತಾನಾಗಿ ಬಂತು. ಬಳ್ಳಾರಿಯಲ್ಲಿ ಅದನ್ನೇ ಠೂ ಬಿಡುವುದು ಎನ್ನುತ್ತಿದ್ದರು. ಕಿರುಬೆರಳೂ ಅದೇ.

"ಹಾಂ, ಅದೇ ಏನೋ. ಇವತ್ತು ಆ ವಿಮಲಾ ಏನು ಮಾಡಿದ್ಳು ಅಂತೀರಿ? ಊಟ ಮಾಡ್ತಾ ಇದ್ದವ್ಳು ಎರಡು ಬೆರಳು ನೀಟಿ, 'ಪಳಮಾ?' ಅಂದ್ಳು. ನಾನೇ ನೋಡಿದೆ. ಈ ಹುಚ್ಚು ಹುಡುಗಿ ಮುಖ ಅರಳಿಸಿಕೊಂಡು, ಲೋಟ ಎಡಗೈಗೆ ಮಾಡಿಕೊಂಡು, ತಾನೂ ಬೆರಳು ನೀಟಿದ್ಳು. ಅಷ್ಟೇ. ಆ ವಿಮಲಾ ಕೈ ಹಿಂದಕ್ಕೆ ಎಳಕೊಂಡು ಪಕ್ಕದವಳಿಗೆ ಬೆರಳು ಕೊಟ್ಳು. ಎಲ್ಲಾ ಸಿರಿಪ್ಪು, ನಗಾಟ. ಆಗ ಎತ್ತಿದ್ದು ಲೋಟ."

ಉಮಾಮಹೇಶ್ವರಿ ಮನೆಗೆ ಹೋಗುವ ಬಸ್ಸನ್ನು ಬಿಟ್ಟು ಸ್ಟಾಫ್ ರೂಮಿಗೆ ಹಿಂತಿರುಗಿದಳು. ಅವಳ ಪಾಠದ ಡೈರಿ ಮೇಜಿನ ಮೇಲಿತ್ತು. ಅದರಲ್ಲಿ ಪಾಠದ ಜೊತೆಗೆ ಬೇರೆ ಸಣ್ಣಪುಟ್ಟ ಸಂಗತಿಗಳನ್ನೂ ಅವಳು ಬರೆದಿಡುತ್ತಿದ್ದಳು. ಜುಲೈ ಒಂದನೇ ತಾರೀಖಿನ ಪುಟ: 'ಥರ್ಮಾಮೀಟರ್ ಒಂದು ಒಡೆಯಿತು. ಯಾರೆಂದು ಕೇಳಲಾಗಿ ಯಾರೂ ಹೇಳಲಿಲ್ಲ. ಸುಗುಣಾಳನ್ನು ಎಬ್ಬಿಸಿ ಕೇಳಲಾಗಿ ವಿಮಲಾ ಎಂದಳು. ಸತ್ಯ ಹೇಳಿದ್ದಕ್ಕೆ ತರಗತಿಯೆದುರು ಮೆಚ್ಚುಗೆ.' ಜುಲೈ ಎಂಟನೇ ತಾರೀಖಿನ ಪುಟ: 'ಸುಗುಣಾ ಬಂದು ಎಲ್ಲರೂ ನನಗೆ ಕಾಯಿ ಬಿಟ್ಟಿದ್ದಾರೆ ಎಂದಳು. ಒಳ್ಳೆಯ ಹೊಂದಾಣಿಕೆ.'

ಆ ದಿನ ಅವಳಿಗೆ ಸ್ಪಷ್ಟವಾಗಿ ನೆನಪಾಯಿತು. ಹುಡುಗಿ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು. ಮುರುಗನ ಗುಡಿ ಪಕ್ಕದಲ್ಲೇ ಇರುವುದರಿಂದ ಮಕ್ಕಳು ಪೂಜೆಯ ಕಾಯಿ ಹೋಳುಗಳನ್ನು ಶಾಲೆಗೆ ತರುವುದಿತ್ತು. ಕರಾವಳಿಯವರ ಮಾತಿನಲ್ಲಿ 'ಬಿಟ್ಟಿದ್ದಾರೆ' ಎಂದರೆ ಉಳಿಸಿಟ್ಟಿದ್ದಾರೆ ಎಂದಿರಬೇಕೆಂದು ತಾನೇ ಊಹಿಸಿಕೊಂಡು, "ಒಳ್ಳೇದಾತಲ್ಲವ್ವಾ, ಮನಿಗೆ ತಗೊಂಡೋಗಿ ಅಮ್ಮಗೆ ಕೊಡು, ಚಟ್ನಿ ಅರೀತಾಳೆ," ಎಂದಿದ್ದಳು. ಬಾಗಿಲ ಹೊರಗೆ ಹುಡುಗಿಯರು ಕಿಸಕ್ಕನೆ ನಕ್ಕಿದ್ದರು. ಅದನ್ನು ಅವಳು ಸಂತೋಷದ ನಗೆ ಎಂದುಕೊಂಡಿದ್ದಳು. ಸುಗುಣಾ ಮತ್ತೆ ಬರಲಿಲ್ಲ.

ಜುಲೈ ಎರಡರಿಂದ ಇಂದಿನವರೆಗೆ, ಶನಿವಾರ ಭಾನುವಾರ ಮತ್ತು ಸ್ವಾತಂತ್ರ್ಯದ ದಿನ ಬಿಟ್ಟು, ಬೆರಳು ಮಡಿಸಿ ಎಣಿಸಿದಳು. ಮೂವತ್ತನಾಲ್ಕು ಶಾಲಾ ದಿನ. ದಿನಕ್ಕೆ ಆರು ಗಂಟೆ, ಹತ್ತು ಹುಡುಗಿಯರ ನಡುವೆ. ಶಿಕ್ಷೆ ಪುಸ್ತಕದ ಯಾವ ಕಾಲಮ್ಮಿನಲ್ಲೂ ಹಿಡಿಯದ ಅಳತೆ. ಉಷ್ಣತೆ ಅಳೆಯುವ ಕೊಳವೆಯನ್ನು ಅಕ್ಕಿಯ ಮೂಟೆಗೆ ಚುಚ್ಚಿ, ಪಾದರಸ ಏರಲಿಲ್ಲ, ಆದ್ದರಿಂದ ಮೂಟೆಗೆ ಭಾರವಿಲ್ಲ ಎಂದು ಬರೆದಂತಾಗಿತ್ತು ತನ್ನ ಕೋಷ್ಟಕ. ಬಿ.ಎಸ್‌ಸಿ. ಪಾಸು ಮಾಡಿದವಳು ಮಾಡುವ ತಪ್ಪಲ್ಲ ಅದು.

ಇನ್ನೊಂದು ನೆನಪೂ ಬಂತು, ಅವಳಿಗೆ ಬೇಡದ್ದು. ಬಳ್ಳಾರಿಯ ಶಾಲೆಯಲ್ಲಿ ಶಂಕ್ರಮ್ಮ ಎಂಬ ಹುಡುಗಿಗೆ ಇಡೀ ಬೆಂಚು ಠೂ ಬಿಟ್ಟಿತ್ತು. ಕಿರುಬೆರಳು ಎತ್ತಿದವರಲ್ಲಿ ಉಮಾಮಹೇಶ್ವರಿಯೂ ಒಬ್ಬಳು. ಕಾರಣ ಏನೆಂದು ಈಗ ನೆನಪಿಲ್ಲ. ದಸರಾ ರಜೆಯಾದ ಮೇಲೆ ಶಂಕ್ರಮ್ಮ ಶಾಲೆಗೆ ಬರಲಿಲ್ಲ. ಮದುವೆ ಗೊತ್ತಾಯಿತಂತೆ ಎಂದು ದೊಡ್ಡವರು ಹೇಳಿದರು, ಇರಬಹುದು. ಯಾರೂ ಅದನ್ನೂ ಇದನ್ನೂ ಸೇರಿಸಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಹೆಡ್‌ಮಾಸ್ತರ ಕೋಣೆಯಲ್ಲಿ ಐದು ಜನರಿದ್ದರು. ವಿಮಲಾಳ ತಂದೆ ಕಾಂತಪ್ಪ ಕುರ್ಚಿಯಲ್ಲಿ ಕೂತಿದ್ದರು. ಸ್ಟುಡಿಯೋ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವವರು, ಶಾಲೆಯ ಕಮಿಟಿಯಲ್ಲೂ ಇದ್ದವರು. ಮೋನಪ್ಪ ಕೂರು ಎಂದರೂ ಕೂರದೆ ನಿಂತಿದ್ದ. ಅವನ ಹಿಂದೆ ಸುಗುಣಾ.

"ಎಂತ ಮಾರಾಯ್ರೆ ಇದು," ಎಂದರು ಕಾಂತಪ್ಪ. "ತುಟಿಗೆ ಹೊಲಿಗೆ! ನಾಳೆ ಹುಡುಗಿ ನೋಡ್ಲಿಕ್ಕೆ ಬಂದವ್ರು ಕೇಳಿದ್ರೆ ಎಂತ ಹೇಳುದು? ಲೋಟ ಅಂತ ಹೇಳುದಾ?"

"ತಪ್ಪಾಯ್ತು ಕಾಂತಣ್ಣ," ಎಂದ ಮೋನಪ್ಪ.

"ನೀನು ಹೇಳಿ ಎಂತ ಪ್ರಯೋಜನ ಮೋನಪ್ಪ? ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಇಂಥವಳ ಜೊತೆಗೆ ನನ್ನ ಹುಡುಗಿ ಕೂರುದು ಬೇಡ."

ಉಮಾಮಹೇಶ್ವರಿ ಡೈರಿ ಬಿಚ್ಚಿ, ತಾನು ಬರೆದದ್ದನ್ನೆಲ್ಲ ಓದಿ, ಬರೆಯದ್ದನ್ನೂ ಬಾಯಲ್ಲಿ ಹೇಳಿದಳು. ಥರ್ಮಾಮೀಟರಿನದು, ಕಾಯಿಯದು, ಚಟ್ನಿಯದು. ಚಟ್ನಿಗೆ ಬಂದಾಗ ಕೊಟ್ರಪ್ಪನವರು ಜೋರಾಗಿ ನಕ್ಕರು. ಬೇರೆ ಯಾರೂ ನಗಲಿಲ್ಲವಾದ್ದರಿಂದ ಕೆಮ್ಮಿ ಸುಮ್ಮನಾದರು.

"ಆಯ್ತಮ್ಮಾ, ಮಾತಾಡಿಸ್ಲಿಲ್ಲ. ಅದೇನು ದೊಡ್ಡ ಅಪರಾಧ? ಮಾತಾಡ್ಲಿಲ್ಲ ಅಂತ ಪುಸ್ತಕದಾಗ ಬರೀಲಿಕ್ಕೆ ಆಗ್ತದಾ? ಹತ್ತು ಹುಡುಗೀರ್ನ ನಿಲ್ಲಿಸಿ ಮಾತಾಡ್ರಿ ಅಂತ ಆರ್ಡರ್ ಮಾಡ್ಲಾ?"

"ಬೇಡಿ ಸಾರ್. ಅದಕ್ಕೆ ಶಿಕ್ಷೆ ಕೊಡ್ರಿ ಅಂತ ನಾನು ಕೇಳಲ್ಲ. ಹೊಡೆದದ್ದಕ್ಕೆ ಏನು ಶಿಕ್ಷೆ ಅಂತ ಮಾತ್ರ ಕೇಳ್ತೀನಿ. ಪುಸ್ತಕದಾಗ ಒಂಬತ್ತನೇ ನಮೂದು ನೋಡ್ರಿ."

ಕೊಟ್ರಪ್ಪನವರು ಪುಟ ತಿರುಗಿಸಿದರು. ಓದಿ, ಕಾಂತಪ್ಪನವರ ಕಡೆ ಒಮ್ಮೆ ನೋಡಿ, ಪುಸ್ತಕ ಮುಚ್ಚಲು ಹೊರಟರು.

"ಗಟ್ಟಿಯಾಗಿ ಓದ್ರಿ ಸಾರ್."

"ಬಾಬು, ತಂದೆ ಕಾಂತಪ್ಪ. ಸಹಪಾಠಿಯ ಹಲ್ಲು ಅಲುಗಾಡುವಂತೆ ಗುದ್ದಿದ್ದು. ಎರಡು ಏಟು."

"ಇಪ್ಪತ್ತಮೂರು?"

"ಬಾಬು. ಸ್ಲೇಟಿನಿಂದ ತಲೆಗೆ... ನಾಲ್ಕು ಏಟು."

"ನಲವತ್ತೊಂದು. ಹೋದ ತಿಂಗಳದ್ದು."

"ಬಾಬು ಮತ್ತು ರಮೇಶ್. ರನ್‌ ಔಟ್ ಆದ ವಿಷಯದಲ್ಲಿ ಹೊಡೆದಾಟ, ಮೂಗಿನಲ್ಲಿ ರಕ್ತ. ಇಬ್ಬರಿಗೂ ಎರಡೆರಡು ಏಟು."

"ಅವತ್ತು ಸಂಜೆ ಬಾಬು, ರಮೇಶ್ ಇಬ್ಬರೂ ಒಂದೇ ಬಸ್ಸಿನ ಫುಟ್‌ಬೋರ್ಡಿನಾಗ ಜೋತಾಡಿಕೊಂಡು ಹೋದ್ರು, ನಾನೇ ನೋಡೀನಿ," ಎಂದಳು ಉಮಾಮಹೇಶ್ವರಿ. "ಬಾಬು ಯಾವತ್ತೂ ಟಿ.ಸಿ. ಮುಖ ನೋಡಿಲ್ಲ. ಒಳ್ಳೇದೇ. ಹೊಡೆದ, ಹೊಡೆಸಿಕೊಂಡ, ಮುಗೀತು. ಈ ಹುಡುಗಿ ಒಂದೇ ಸಲ ಹೊಡೆದಾಳೆ."

ಕಾಂತಪ್ಪ ಶಲ್ಯವನ್ನು ಆ ಭುಜದಿಂದ ಈ ಭುಜಕ್ಕೆ ಹಾಕಿಕೊಂಡರು. "ಗಂಡು ಹುಡುಗ ಮಾರಾಯ್ರೆ ಅವ..." ಎಂದು ಶುರುಮಾಡಿದರು.

"ಹಂಗಾದ್ರ ಇವಳಿಗೂ ಬೆತ್ತ ಕೊಡಬೇಕೇನು?" ಎಂದು ಕೊಟ್ರಪ್ಪನವರು ರೇಗಿದರು. "ಹೆಣ್ಮಕ್ಕಳಿಗೆ ಈ ಶಾಲೆಯಾಗ ಬೆತ್ತ ಇಲ್ಲ. ನಾನು ಬಂದಾಗಿನಿಂದ ಒಂದು ಹೆಣ್ಣಿನ ಮೇಲೂ ಕೈ ಎತ್ತಿಲ್ಲ, ತಿಳೀತೇನು?"

"ಬೆತ್ತ ಇಲ್ಲ ಅಂತಾನೇ ಟಿ.ಸಿ. ಸಾರ್. ನಡುವೆ ಏನೂ ಇಲ್ಲ."

ಆಗ ಮೋನಪ್ಪನ ಹಿಂದಿನಿಂದ ಸುಗುಣಾ ಮುಂದೆ ಬಂದಳು. ಹದಿನೈದು ವರ್ಷದ ಹುಡುಗಿ, ಎರಡು ಜಡೆ, ಬಲ ಅಂಗೈಯನ್ನು ಚಾಚಿದಳು.

"ಎರಡು ಏಟು ಕೊಡಿ ಸಾರ್. ನಾಲ್ಕಾದ್ರೂ ಅಡ್ಡಿಲ್ಲ. ನನ್ನನ್ನು ಕಳಿಸುದು ಬೇಡ."

ಹಿಂದಿನ ಸಂಜೆಯಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದೆಂದು ಮೋನಪ್ಪ ಆಮೇಲೆ ಹೇಳಿದ.

ಕೊಟ್ರಪ್ಪನವರು ಕಪಾಟಿನ ಮೇಲಿನಿಂದ ಬೆತ್ತ ತೆಗೆದು ಉಮಾಮಹೇಶ್ವರಿಯ ಕೈಗೆ ಕೊಟ್ಟರು. "ನನ್ನ ಕೈಲೆ ಆಗಲ್ಲ. ಸಮಾನ ಶಿಕ್ಷೆ ಬೇಕು ಅಂದವರು ನೀವು. ನೀವೇ ಕೊಡ್ರಿ."

ಅವಳು ಹಾಗಾಗುವುದೆಂದು ಎಣಿಸಿರಲಿಲ್ಲ. ಮಕ್ಕಳಿಗೆ ಹೊಡೆದು ಕಲಿಸುವುದು ಕಲಿಸಲು ಬಾರದವರ ಕೆಲಸ ಎಂದು ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಹೇಳಿದ್ದವಳು ಅವಳು. ಬೆತ್ತ ಅವಳು ಅಂದುಕೊಂಡಿದ್ದಕ್ಕಿಂತ ಹಗುರವಾಗಿತ್ತು. ತಾನು ಬೇಡ ಎಂದರೆ ಮೇಜಿನ ಮೇಲೆ ಟಿ.ಸಿ.ಯ ಹಾಳೆ ಸಿದ್ಧವಾಗಿಯೇ ಇದೆ ಎಂಬುದೂ ಕಾಣುತ್ತಿತ್ತು. ಹೊಡೆದಳು. ಮೊದಲನೆಯದು ಬೆರಳ ತುದಿಗೆ ತಾಗಿ ಜಾರಿತು. ಕೊಟ್ರಪ್ಪನವರು, "ಅದು ಲೆಕ್ಕಕ್ಕಿಲ್ಲ," ಎಂದು ಮುಖ ತಿರುಗಿಸಿಯೇ ಹೇಳಿದರು. ಇನ್ನೂ ಎರಡು ಹೊಡೆದಳು. ಹುಡುಗಿ ಕೈ ಎಳೆದುಕೊಳ್ಳಲಿಲ್ಲ. ಎರಡೂ ಏಟಿಗೆ ಕಣ್ಣು ಮುಚ್ಚಿಕೊಂಡವನು ಮೋನಪ್ಪ.

ಪುಸ್ತಕದಲ್ಲಿ ನಲವತ್ತೆರಡನೆಯ ನಮೂದಾಗಿ ಸುಗುಣಾಳ ಹೆಸರು ಬಿತ್ತು. ಕಾಂತಪ್ಪ ಎದ್ದು, "ಆಯ್ತು, ಮುಗೀತಲ್ಲ," ಎಂದು ಹೊರಟರು. ಬಾಗಿಲಲ್ಲಿ ನಿಂತು ಮೋನಪ್ಪನಿಗೆ, "ನಿಮ್ಮ ಹೋಟೆಲಿಗೆ ಹೋಗುವ ಬಸ್ಸು ಹತ್ತು ಗಂಟೆಗೆ ಉಂಟು ನೋಡು," ಎಂದರು.

ಅದೇ ದಿನ ಮೂರನೇ ಪೀರಿಯಡ್ಡಿನಲ್ಲಿ ಉಮಾಮಹೇಶ್ವರಿ ತರಗತಿಯೆದುರು ನಿಂತು, ಒಬ್ಬಳನ್ನು ಎಬ್ಬಿಸಿ ಇನ್ನೊಬ್ಬಳ ಹೆಸರು ಹೇಳಿಸಿದ್ದು ತನ್ನ ತಪ್ಪು ಎಂದಳು. ಹಾಗೆ ಕೇಳಬಾರದಿತ್ತು, ಇನ್ನು ಮುಂದೆ ಕೇಳುವುದಿಲ್ಲ. ಕಾಯಿಯನ್ನು ತೆಂಗಿನಕಾಯಿ ಎಂದುಕೊಂಡದ್ದನ್ನೂ ಹೇಳಿದಳು. ಹುಡುಗರ ಕಡೆಯಿಂದ, ಒಮ್ಮೆ ನಪಾಸಾಗಿ ತಂಗಿಯ ತರಗತಿಯಲ್ಲೇ ಕೂತಿದ್ದ ಬಾಬು, "ಟೀಚರ್, ಪಳಂ ಅಂದ್ರೆ ಬಾಳೆಹಣ್ಣಾ?" ಎಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು, ಹುಡುಗಿಯರೂ ನಕ್ಕರು. ಸುಗುಣಾ ನಗಲಿಲ್ಲ. ಯಾರೂ ಅವಳ ಕಡೆ ಬೆರಳು ನೀಡಲಿಲ್ಲ. ಒಂದು ಕ್ಷಮೆಯಿಂದ ಅಷ್ಟೆಲ್ಲ ಆಗುವುದಿಲ್ಲವೆಂದು ಉಮಾಮಹೇಶ್ವರಿಗೂ ಗೊತ್ತಿತ್ತು. ಇನ್‌ಸ್ಪೆಕ್ಟರಿಗೆಂದು ಬರೆದ ವರದಿಯನ್ನು ವಾಪಸು ಪಡೆದು, ಹುಡುಗಿಯರ ಸಾಲಿನ ಸೊನ್ನೆಗಳನ್ನು ಹೊಡೆದುಹಾಕಿ, 'ಅಳತೆ ಮಾಡಿಲ್ಲ' ಎಂದು ಬರೆದಳು.

ಆಗಸ್ಟ್ ಇಪ್ಪತ್ತೆಂಟು, ಗುರುವಾರ, ಲೋಲಕದ ಪ್ರಯೋಗ. ನೂರು ಸೆಂಟಿಮೀಟರ್ ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡು ಇಪ್ಪತ್ತು ಸಲ ತೂಗಲು ಎಷ್ಟು ಹೊತ್ತು ಎಂದು ನೋಡುವುದು. ಒಬ್ಬರು ಎಣಿಸಬೇಕು, ಒಬ್ಬರು ಸ್ಟಾಪ್ ವಾಚ್ ಒತ್ತಬೇಕು; ಒಂಟಿಯಾಗಿ ಮಾಡುವ ಕೆಲಸವಲ್ಲ. ಶಾಲೆಗೆ ಇದ್ದದ್ದು ಒಂದೇ ವಾಚು. ಉಮಾಮಹೇಶ್ವರಿ ಜೋಡಿಗಳನ್ನು ಹಾಜರಿಯ ಕ್ರಮದಲ್ಲೇ ಕರೆದಳು. ಒಂಬತ್ತು, ವಿಮಲಾ. ಹತ್ತು, ಸುಗುಣಾ. ಕ್ರಮ ಬದಲಿಸಬಹುದಿತ್ತು. ಬದಲಿಸಲಿಲ್ಲ.

ವಿಮಲಾಳ ತುಟಿಯ ಮೇಲೆ ಕೆಂಪು ಗೆರೆ ಇನ್ನೂ ಇತ್ತು. ಗುಂಡನ್ನು ಎಳೆದು ಬಿಟ್ಟು, ಎದುರಿನ ಗೋಡೆ ನೋಡುತ್ತಾ ಎಣಿಸತೊಡಗಿದಳು. ಒಂದು, ಎರಡು, ಮೂರು... ಇಪ್ಪತ್ತಕ್ಕೆ ಸುಗುಣಾ ವಾಚು ಒತ್ತಿದಳು. ಮೂವತ್ತೆಂಟು ಸೆಕೆಂಡು ಚಿಲ್ಲರೆ. ಎರಡನೇ ಸಲವೂ ಅಷ್ಟೇ; ಬರಬೇಕಾದದ್ದು ನಲವತ್ತು. ಪಕ್ಕದ ಗೋಡೆಯಾಚೆ ಸಿನಿಮಾ ಸ್ಟುಡಿಯೋದವರು ಏನನ್ನೋ ಬಡಿಯುತ್ತಿದ್ದರು.

ತಪ್ಪು ಎಲ್ಲಿದೆಯೆಂದು ಉಮಾಮಹೇಶ್ವರಿಗೆ ಕಂಡಿತ್ತು. ಬಾಯಿಬಿಡದೆ ಬೇರೆ ಜೋಡಿಯ ಪುಸ್ತಕ ನೋಡುತ್ತಾ ನಿಂತಳು.

ಸುಗುಣಾ ವಾಚಿನ ಮುಳ್ಳನ್ನು ನೋಡಿದಳು, ಗುಂಡನ್ನು ನೋಡಿದಳು. ಕೊನೆಗೆ ಗುಂಡಿಗೇ ಹೇಳುವಂತೆ, "ಬಿಡುವಾಗ ಒಂದು ಅನ್ನುದಲ್ಲ. ಸೊನ್ನೆ ಅನ್ಬೇಕು. ಹೋಗಿ ಬಂದ ಮೇಲೆ ಒಂದು," ಎಂದಳು.

ವಿಮಲಾ ಗುಂಡನ್ನು ಹಿಡಿದು ನಿಲ್ಲಿಸಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಮತ್ತೆ ಎಳೆದು ಬಿಟ್ಟಳು.

"ಸೊನ್ನೆ," ಎಂದಳು. "ಒಂದು. ಎರಡು. ಮೂರು. ಸರಿಯಾ?"

"ಹೂಂ. ನಿಲ್ಲಿಸ್ಬೇಡ, ಎಣಿಸು."

ಇಪ್ಪತ್ತು ತೂಗಾಟಕ್ಕೆ ನಲವತ್ತು ದಶಾಂಶ ಒಂದು ಸೆಕೆಂಡು.